ಚೀಲದ ತಳ ನೋಡುವ ಮಾವ ಮತ್ತು ನನ್ನ ಹೆಲ್ಮೆಟ್ಟು

ನಮ್ಮ ಮಾವನ ಬಲಗೈ ಬೆರಳಿನಿಂದ ತೋಳಿನತನಕ ಯಾವಾಗಲೂ ಗೀರು ಗೀರು. ಬೆಕ್ಕು ಪರಚಿದಂತೆ ಸಣ್ಣ ಬಿಳಿ ಗೆರೆ, ಅದರ ಮೇಲೆ ಹೊಸ ಕೆಂಪು ಗೆರೆ, ಅದರ ಮೇಲೆ ಭತ್ತದ ಧೂಳು. ಎಡಗೈ ಮಾತ್ರ ಮದುಮಗನ ಕೈಯಷ್ಟು ನುಣುಪು. ಮದುವೆಯಾಗಿ ಸಿಂಧನೂರಿಗೆ ಬಂದ ಹೊಸದರಲ್ಲಿ ಇದು ಏನೋ ಚರ್ಮದ ರೋಗ ಇರಬೇಕು, ನನ್ನ ಹತ್ತಿರ ಮುಚ್ಚಿಟ್ಟು ಮದುವೆ ಮಾಡಿದ್ದಾರೆ ಅಂತ ನನಗೆ ಅನುಮಾನ. ಆಮೇಲೆ ಒಂದು ದಿನ ಭತ್ತ ಕೊಂಡು ಮಾರುವ ಅವರ ಅಡತಿ ಅಂಗಡಿಗೆ ಬುತ್ತಿ ಕೊಡಲು ಹೋದಾಗ ಗುಟ್ಟು ತಿಳಿಯಿತು. ಬೇರೆ ವ್ಯಾಪಾರಿಗಳು ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತಾರೆ. ನಮ್ಮ ಮಾವ ಚೀಲದ ಬಾಯಿ ಬಿಚ್ಚಿಸಿ, ಅಂಗಿಯ ತೋಳು ಏರಿಸಿ, ಕೈಯನ್ನು ಭತ್ತದೊಳಗೆ ಬಗಲ ಮಟ ಇಳಿಸಿ, ತಳದಿಂದ ಹಿಡಿ ತುಂಬ ತೆಗೆಯುತ್ತಿದ್ದರು. ಭತ್ತದ ಮುಳ್ಳು ತರಚದೆ ಬಿಡುತ್ತದೆಯೇ?

"ಮ್ಯಾಲಿಂದು ದೇವರಿಗೆ ತೋರಸೋ ತಮ್ಮ, ತಳದ್ದು ನನಗ ತೋರಸು" ಅನ್ನುವುದು ಅವರ ಮಾತು. ಜವಳಗೇರಾದಿಂದ ಬಂದ ರೈತನೊಬ್ಬ ಸಿಟ್ಟಿಗೆದ್ದು, "ಏನ್ರೀ ಸಾವಕಾರ್ರ, ನನ್ನ ಮ್ಯಾಲೆ ಭರೋಸಾ ಇಲ್ಲೇನು?" ಅಂದ. ಮಾವ ಶಾಂತವಾಗಿ, "ನಿನ್ನ ಮ್ಯಾಲೆ ಐತಿ. ಚೀಲದ ಮ್ಯಾಲೆ ಇಲ್ಲ" ಅಂದರು.

ಈ ತಳ ನೋಡುವ ಚಟ ಅಂಗಡಿಗೆ ಮಾತ್ರ ಇದ್ದಿದ್ದರೆ ನಾವೂ ಬದುಕುತ್ತಿದ್ದೆವು. ಮನೆಯಲ್ಲೂ ಅದೇ. ಹಾಲಿನವನು ಹಾಕಿದ ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುವರು. ಮಾತ್ರೆ ತಂದರೆ ಔಷಧದ ಅಂಗಡಿಯವನ ಮುಖ ಹೆಂಗಿತ್ತು ಅಂತ ಕೇಳುವರು. ಮದುವೆ ಊಟಕ್ಕೆ ಹೋದರೆ ಜಿಲೇಬಿ ತಟ್ಟೆಯ ಮೇಲಿನವನ್ನು ಸರಿಸಿ ಅಡಿಯದನ್ನು ಎತ್ತುವರು. ಪಕ್ಕದಲ್ಲಿ ಕೂತ ಅತ್ತೆಗೆ ಮಾನ ಹೋದಂಗೆ. "ಇವರನ್ನ ಸ್ವರ್ಗಕ್ಕ ಕಳಿಸಿದ್ರ ಮೊದಲ ಅದರ ಅಡಿಪಾಯ ಕೆದರಿ ನೋಡ್ತಾರ" ಅಂತ ಅತ್ತೆ ಗೊಣಗುತ್ತಿದ್ದರು.

ಹೆಣ್ಣು ನೋಡಲು ಮಸ್ಕಿಗೆ, ನಮ್ಮ ತವರಿಗೆ, ಬಂದಾಗಲೂ ಅಷ್ಟೇ. ನಡುಮನೆಯಲ್ಲಿ ಎಲ್ಲರೂ ಅವಲಕ್ಕಿ ತಿನ್ನುತ್ತ ಕೂತಿದ್ದಾರೆ, ಇವರೊಬ್ಬರು "ನೀರು ಬೇಕಾಗಿತ್ತು" ಅಂತ ಎದ್ದು ಸೀದಾ ಹಿತ್ತಲಿಗೆ ಬಂದರು. ಅಲ್ಲಿ ನಾನು ರೇಷ್ಮೆ ಸೀರೆ ಮೇಲಕ್ಕೆ ಸಿಗಿಸಿ, ಚಹಾಕ್ಕೆ ಕಡಿಮೆ ಬಿದ್ದ ಹಾಲು ತರಲು ಅಪ್ಪನ ಹಳೇ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದೆ. ನಾನು ಗಾಬರಿಯಾಗಿ ತಲೆ ಮೇಲೆ ಸೆರಗು ಎಳೆದುಕೊಂಡೆ. ಮಾವ ಒಂದು ಗಳಿಗೆ ನೋಡಿ, "ಚೋಕ್ ಎಳಿಯವ್ವ" ಅಂದು ಒಳಗೆ ಹೋದರು. ಸಂಬಂಧ ಗಟ್ಟಿಯಾಯಿತು.

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರು, ಮತ್ತೆ ವಾಪಸು, ದಿನಾ ನನ್ನ ಸಣ್ಣ ಕಾರಿನಲ್ಲಿ. ನನಗೆ ಕಾರು ಓಡಿಸುವುದೆಂದರೆ ಜೀವ. ಆದರೆ ಆ ರಸ್ತೆಯಲ್ಲಿ ಎಲ್ಲಿ ಓಡಿಸುತ್ತೀರಿ? ಮುಂದೆ ಭತ್ತ ಹೇರಿದ ಟ್ರ್ಯಾಕ್ಟರು, ಅದರ ಮುಂದೆ ರಸ್ತೆ ತುಂಬ ಹರಡಿಕೊಂಡು ಹೋಗುವ ಕೊಯ್ಲಿನ ಮಷೀನು, ಎದುರಿಗೆ ಹಾರನ್ನಿನ ಮೇಲೇ ಕೂತಂಗೆ ಬರುವ ಬಸ್ಸು. ವರ್ಷಗಟ್ಟಲೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದೆ. ಒಮ್ಮೆಯಾದರೂ ಆ ಇನ್ನೊಂದು ಪೆಡಲನ್ನು ಪೂರಾ ಒತ್ತಬೇಕು ಅನ್ನುವ ಆಸೆ ದಿನದಿನಕ್ಕೂ ಬೆಳೆಯುತ್ತಿತ್ತು. ತಮಿಳುನಾಡಿನ ರೇಸಿನ ಟ್ರ್ಯಾಕೊಂದರಲ್ಲಿ ನಮ್ಮಂಥ ಹವ್ಯಾಸಿಗಳಿಗಾಗಿ ಒಂದು ದಿನ ಬಿಟ್ಟುಕೊಡುತ್ತಾರೆ, ಪೈಪೋಟಿ ಇಲ್ಲ, ಬಹುಮಾನ ಇಲ್ಲ, ನಿಮ್ಮ ಕಾರು ನೀವು ತಂದು ಓಡಿಸಿ ಅಂತ ಗೊತ್ತಾದಾಗ ನಾನು ಗಂಡನ ಹತ್ತಿರ ಹೇಳಿದೆ. ನನ್ನ ಗಂಡ ಮೆದು ಮನುಷ್ಯ. "ನಂದೇನಿಲ್ಲ, ಅಪ್ಪನ ಕೇಳು" ಅಂದ. ಇದೇ ಅವನ ಜೀವನದ ಮಂತ್ರ.

ಕೇಳಿದೆ. ಮಾವ ಊಟ ಮಾಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ, ನಗುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. "ತಲಿಗೆ ಏನ್ ಹಾಕ್ಕೋತಿ?" ಅಂತ ಒಂದೇ ಪ್ರಶ್ನೆ.

"ಹೆಲ್ಮೆಟ್ ಹಾಕ್ಕೋಬೇಕ್ರಿ. ಅದಿಲ್ಲಂದ್ರ ಒಳಗ ಬಿಡಂಗಿಲ್ಲ."

ಮಾವ ರೊಟ್ಟಿ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡರು. ಗೋಡೆಯ ಮೇಲೆ ಚಿಕ್ಕಮಾವನ ಫೋಟೋ ಇತ್ತು, ಮಾವನ ಒಬ್ಬನೇ ತಮ್ಮ. ಮೋಟಾರ್‌ಸೈಕಲ್ ಮೇಲಿಂದ ಬಿದ್ದು ತೀರಿದರು ಅಂತಷ್ಟೇ ನನಗೆ ಗೊತ್ತು. ಅದಕ್ಕಿಂತ ಹೆಚ್ಚು ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ನನ್ನತ್ತ ಕಣ್ಣು ಬಿಟ್ಟರು. ಮುಗಿಯಿತು ನನ್ನ ಟ್ರ್ಯಾಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮಾವನೇ ಬಂದು, "ಎಂಥಾ ಟೊಪ್ಪಿಗಿ ಬೇಕಂತ ಬರದಾರ?" ಅಂದರು. ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಇಷ್ಟು ಸಲೀಸಾಗಿ ಒಪ್ಪುವ ಕುಳ ಅಲ್ಲ ಇದು.

ಮನೆಯಲ್ಲಿದ್ದ ಗಂಡನ ಬೈಕಿನ ಹೆಲ್ಮೆಟ್ಟು ನಡೆಯುವುದಿಲ್ಲ ಅಂತ ಟ್ರ್ಯಾಕಿನವರು ಹೇಳಿದ್ದರು. ಕಾರಿನದಕ್ಕೆ ಬೇರೆ ಪರೀಕ್ಷೆ, ಬೇರೆ ಮುದ್ರೆ, ಒಳಗಿನ ಬಟ್ಟೆ ಬೆಂಕಿಗೆ ತಡೆಯುವಂಥದ್ದು ಇರಬೇಕು. ರಾಯಚೂರಿನಲ್ಲಿ ಪರಿಚಯದವರೊಬ್ಬರು ತಮ್ಮ ಹಳೆಯದನ್ನು ಕೊಡುತ್ತೇನೆ ಅಂದರು. ನೋಡಲು ಹೊಳೆಯುತ್ತಿತ್ತು. ಮಾವ ಫೋನಿನ ಫೋಟೋವನ್ನೇ ಕಣ್ಣು ಕಿರಿದು ಮಾಡಿ ನೋಡಿ, "ಮಂದಿ ತಲಿ ಹೊಕ್ಕ ಟೊಪ್ಪಿಗಿ ಬ್ಯಾಡ. ಅವ ಯಾಕ ಮಾರಾಕತ್ತಾನ, ಅದನ್ನ ಕೇಳು ಮೊದಲ. ಚೊಲೊ ಎತ್ತು ಯಾರೂ ಸಂತಿಗೆ ಹೊಡಿಯಂಗಿಲ್ಲ" ಅಂದರು. ಅದು ಯಾವಾಗಾದರೂ ಬಿದ್ದಿತ್ತೇ ಅಂತ ನಾನು ಕೇಳಿದೆ. ಆ ಮನುಷ್ಯ ಎರಡು ದಿನ ಬಿಟ್ಟು, "ಸ್ವಲ್ಪ" ಅಂತ ಉತ್ತರ ಕೊಟ್ಟರು. ಸ್ವಲ್ಪ ಬೀಳುವುದು ಅಂದರೆ ಏನೋ, ದೇವರೇ ಬಲ್ಲ.

ಕೊನೆಗೆ ಹೈದರಾಬಾದಿಗೆ ಹೊರಟೆವು. ಮಾವ ಹೇಳದೆ ಕೇಳದೆ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಂಡ ಹಿಂದೆ. ಅಂಗಡಿಯಲ್ಲಿ ನೋಡಬೇಕಿತ್ತು ಅವರ ಅವತಾರ. ಪ್ರತಿ ಹೆಲ್ಮೆಟ್ಟನ್ನೂ ಗಡಿಗೆ ಬಾರಿಸಿದಂಗೆ ಬೆರಳಿನಿಂದ ಬಾರಿಸಿ ಕಿವಿಗೊಟ್ಟರು. ಒಳಗೆ ಗೀರುಗೈ ಇಳಿಸಿ ತಳ ತಡಕಾಡಿದರು. ಮೂಸಿದರು. ಗದ್ದದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ್ದು ಮಾತ್ರ ನನಗೆ ಅತಿಯಾಯಿತು. ಹಲ್ಲು ಕಚ್ಚಿ, ಕೊರಳಿನ ನರ ಉಬ್ಬುವ ಹಂಗೆ ಜಗ್ಗಿದರು. ಅಂಗಡಿಯ ಮಾಲೀಕ ತಾಳ್ಮೆಯ ಮನುಷ್ಯ. ಟೇಪು ತಂದು ಹುಬ್ಬಿನ ಮೇಲೆ ನನ್ನ ಕೈಯಿಂದಲೇ ತಲೆಯ ಸುತ್ತಳತೆ ತೆಗೆಸಿ, ಒಂದು ಬಿಳಿ ಹೆಲ್ಮೆಟ್ಟು ಕೊಟ್ಟರು. ಹಾಕಿದರೆ ಕೆನ್ನೆ ಎರಡೂ ಒತ್ತಿ ನನ್ನ ಮುಖ ಮಂಗನಂಗಾಯಿತು. ಒಂದು ಅಳತೆ ದೊಡ್ಡದು ಹಾಯಾಗಿತ್ತು, ಅದನ್ನೇ ಕೊಡಿ ಅಂದೆ. ಮಾಲೀಕ ಬೇಡ ಅಂದರು. ಹೊಸದರಲ್ಲಿ ಬಿಗಿ ಇರಬೇಕು, ಸಡಿಲಿದ್ದರೆ ಹೊಡೆತ ಬಿದ್ದಾಗ ಹೆಲ್ಮೆಟ್ಟು ಒಂದು ಕಡೆ, ತಲೆ ಒಂದು ಕಡೆ ಅಂತ ವಿವರಿಸಿದರು.

ಮಾವ ನನ್ನ ಕಿವಿಯ ಹತ್ತಿರ, "ದೊಡ್ಡದು ಮುಗದಿರಬೇಕು. ಅದಕ್ಕ ಸಣ್ಣದನ್ನ ಗಂಟ ಹಾಕಾಕತ್ತಾನ" ಅಂದರು. ದೊಡ್ಡದು ನನ್ನ ಕೈಯಲ್ಲೇ ಇತ್ತು!

"ಯಾರಾದರೂ ಎರಡೂ ಕಡೆ ಹಿಡಿದು ಅಲ್ಲಾಡಿಸಿ ನೋಡಿ, ಕೆನ್ನೆಯ ಚರ್ಮ ಜೊತೆಗೇ ತಿರುಗಬೇಕು" ಅಂದರು ಮಾಲೀಕ. ಗಂಡ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದವನು ಇನ್ನೂ ಬಂದಿರಲಿಲ್ಲ. ಮಾವ ಹಿಂದಕ್ಕೆ ಸರಿದು ಬಾಗಿಲ ಕಡೆ ನೋಡುತ್ತ ನಿಂತರು. ನಮ್ಮ ಕಡೆ ಮಾವ ಸೊಸೆಯನ್ನು ಮುಟ್ಟುವ ರೂಢಿ ಇಲ್ಲ. ಕಾಲೇಜಿನಲ್ಲಿ ನಾನು ಏನೇ ಇರಲಿ, ಮನೆಯಲ್ಲಿ ಮಾವ ಎದುರು ಬಂದರೆ ತಲೆ ಮೇಲೆ ಸೆರಗು ಬರಬೇಕು. ಹೀಗಾಗಿ ನಾನೇ ಹಿಡಿದು ಅಲ್ಲಾಡಿಸಿಕೊಂಡೆ. ಹೊರಡುವಾಗ ಮಾಲೀಕ, "ಒಂದು ಮಾತು. ಇದನ್ನ ಜೋರಾಗಿ ಕೆಡವಬೇಡಿ. ಒಮ್ಮೆ ಬಿದ್ದರೆ ಮುಗೀತು, ಮತ್ತೆ ಹಾಕಬೇಡಿ" ಅಂದರು.

ಆ ಮಾತೇ ಮನೆ ಕೆಡಿಸಿತು. ವಾಪಸು ಬರುವ ದಾರಿಯುದ್ದಕ್ಕೂ ಮಾವನದು ಒಂದೇ ರಾಗ. "ಕೆಡವಬ್ಯಾಡ ಅಂದ ನೋಡು. ಪರೀಕ್ಷಾ ಮಾಡಬ್ಯಾಡ ಅನ್ನೋ ಮಾಲು ನನ್ನ ಜನ್ಮದಾಗ ನೋಡಿಲ್ಲ. ಏನೋ ಐತಿ ಅದರಾಗ."

ಹೆಲ್ಮೆಟ್ಟು ಪೆಟ್ಟಿಗೆ ಸಮೇತ ಅಲಮಾರಿಯ ಮೇಲೆ ಕೂತಿತು. ಮಾವ ದಿನಾ ಬಂದು ನಿಂತು ಅದನ್ನು ನೋಡುವರು. "ಎಂದಿಗೆ ಹೋಗೂದು?" ಅಂತ ಕೇಳಿದ್ದನ್ನೇ ಕೇಳುವರು. ನನ್ನ ಒಳಗೆ ಅನುಮಾನದ ಹುಳ. ಆ ಪೆಟ್ಟಿಗೆಯನ್ನು ಇವರು ಎಲ್ಲಾದರೂ ಬಚ್ಚಿಡುತ್ತಾರೆ, ಯಾರಿಗಾದರೂ ಕೊಟ್ಟುಬಿಡುತ್ತಾರೆ ಅಂತ ನಾನು ಕಾಲೇಜಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ.

ಒಂದು ಭಾನುವಾರ ಮಸ್ಕಿಗೆ ಅಮ್ಮನನ್ನು ನೋಡಲು ಹೋಗಿ ಮಧ್ಯಾಹ್ನ ಬಂದೆ. ಅತ್ತೆ ಕಲ್ಲಂಗಡಿ ಹಣ್ಣು ಕೊಯ್ಯುತ್ತಿದ್ದರು. ಹೊರಗೆ ಸಿಪ್ಪೆ ಹಸಿರಗೆ, ಗಟ್ಟಿಗೆ, ಎಲ್ಲೂ ಬಿರುಕಿಲ್ಲ. ಕೊಯ್ದರೆ ಒಳಗೆ ಪೂರಾ ಕಲಸಿಹೋಗಿತ್ತು, ಕೆಂಪು ನೀರು ಈಳಿಗೆಯ ಮಣೆ ತುಂಬ ಹರಿಯಿತು. "ಹಾಟ್ಯಾ, ಕೊಳತದ್ದು ಕೊಟ್ಟಾನ" ಅಂತ ಅತ್ತೆ ಹಣ್ಣಿನವನಿಗೆ ಶಾಪ ಹಾಕಿದರು. ಒಂದು ಹುಳುಕು ಬದನೆಕಾಯಿ ಬಂದರೂ ಹಿಂದಕ್ಕೆ ಒಯ್ದು ಜಗಳ ತೆಗೆಯುವ ಮಾವ, "ಇರ್ಲಿ ಬಿಡು" ಅಂದರು. ಆಮೇಲೆ ಆ ಹೋಳನ್ನೇ ನೋಡುತ್ತ ಕೂತರು, ತಿನ್ನಲಿಲ್ಲ. ಮುಖ ಬಿಳಚಿಕೊಂಡಿತ್ತು.

ಇರಲಿ ಬಿಡು ಅನ್ನುವ ಮಾತು ಈ ಮನುಷ್ಯನ ಬಾಯಲ್ಲಿ ಬಂತೆಂದರೆ ಎಲ್ಲೋ ಹೊಗೆಯಾಡುತ್ತಿದೆ. ನಾನು ಸೀದಾ ಅಲಮಾರಿಗೆ ಹೋದೆ. ಪೆಟ್ಟಿಗೆ ಅಲ್ಲೇ ಇತ್ತು, ಆದರೆ ಅದರ ಅಂಟುಪಟ್ಟಿ ಸೊಟ್ಟಗಿತ್ತು. ಮುಖ ಬಾಗಿಲ ಕಡೆ ಮಾಡಿ ಇಟ್ಟಿದ್ದ ಹೆಲ್ಮೆಟ್ಟು ಈಗ ಗೋಡೆ ಕಡೆ ತಿರುಗಿತ್ತು. ಎತ್ತಿ ಮೂಸಿದೆ, ಹಣ್ಣಿನ ವಾಸನೆ. ಒಳಬಟ್ಟೆಯ ಸಂದಿಯಲ್ಲಿ ಹಸಿರು ತೊಟ್ಟಿನ ಒಂದು ಚೂರು. ಹಿಂಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು.

ನನ್ನ ಮೈಯೆಲ್ಲ ಉರಿಯಿತು. ಪಡಸಾಲೆಗೆ ಬಂದು, "ಮಾವಾರ, ನನ್ನ ಹೆಲ್ಮೆಟ್ಟು ಯಾರೋ ಮುಟ್ಯಾರ್ರಿ" ಅಂದೆ. ಅಷ್ಟೇ ಅಂದಿದ್ದು.

"ಕಲ್ಲಂಗಡಿ ಒಡಿಲಿಲ್ಲಲ್ಲವ್ವ!" ಅಂದರು ಮಾವ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಲ್ಲಂಗಡಿಯ ಹೆಸರೇ ಎತ್ತಿರಲಿಲ್ಲ. ಆಮೇಲೆ ಎಲ್ಲ ಹೊರಬಿತ್ತು. ನಾನು ಮಸ್ಕಿಗೆ ಹೋದದ್ದೇ ತಡ, ಹೆಲ್ಮೆಟ್ಟಿನೊಳಗೆ ಹಣ್ಣು ಕೂಡಿಸಿ, ಟವೆಲ್ ತುರುಕಿ, ಗದ್ದದ ಪಟ್ಟಿ ಬಿಗಿದು, ಮಾಳಿಗೆ ಹತ್ತಿ ಕೆಳಗಿನ ಪರಸಿ ಕಲ್ಲು ಹಾಸಿದ ಅಂಗಳಕ್ಕೆ ಎಸೆದಿದ್ದರು. ಹಣ್ಣು ಒಡೆಯದೆ ಉಳಿದದ್ದು ನೋಡಿ ಖುಷಿಯಿಂದ ಮೊದಲಿನಂತೆ ಪೆಟ್ಟಿಗೆಯಲ್ಲಿಟ್ಟಿದ್ದರು.

"ನಾ ಹೋಗೋದು ನಿಮಗ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು" ಅಂತ ನಾನು ಕೂಗಾಡಿದೆ. ಆ ಮನೆಯಲ್ಲಿ ಸೊಸೆಯ ದನಿ ಅಷ್ಟು ಏರಿದ್ದು ಅದೇ ಮೊದಲು. "ಹಿಂಗ ಹಿಂದಿಂದ ಮಾಡ್ತೀರೇನು? ಬೇಕಂತ ಕೆಡಿಸೀರಿ ನೀವು!"

"ಬೇಕಂತ ಅಲ್ಲವ್ವ. ಒಂದ ಸಲ ಒಗದ್ರ ಕೆಡತೈತಿ ಅಂದ್ರ ಅದೆಂಥಾ ಹೆಲ್ಮೆಟ್ಟು? ಗಡಿಗಿ ಏನು?"

"ಒಂದ ಸಲಕ್ಕ ಮಾಡ್ಯಾರ್ರಿ ಅದನ್ನ. ಏಟು ಬಿದ್ರ ಒಳಗಿನ ಥರ್ಮಾಕೋಲಿನ ದಿಂಡು ಜಜ್ಜಿ ಹೋಗತೈತಿ. ತಲಿ ಬದಲಿ ಅದು ಸಾಯ್ತೈತಿ. ಮತ್ತೊಮ್ಮೆ ಸಾಯಾಕ ಬರಂಗಿಲ್ಲ ಅದಕ್ಕ."

ಮಾವ ಗೋಡೆಯ ಫೋಟೋ ನೋಡುತ್ತ ಹೇಳಿದರು. "ನಮ್ಮ ತಮ್ಮಂದು ಸಾಯ್ಲಿಲ್ಲವ್ವ. ಟೊಪ್ಪಿಗಿ ಹಂಗ ಇತ್ತು, ಹೊಳೀತಿತ್ತು. ಅದಕ್ಕ ಒಂದು ಗೀರೂ ಬಿದ್ದಿರಲಿಲ್ಲ."

ಅಣ್ಣತಮ್ಮ ಇಬ್ಬರೂ ಒಂದೇ ಮೋಟಾರ್‌ಸೈಕಲ್ ಮೇಲೆ ಬಳಗಾನೂರಿನ ಕಡೆ ಹೋಗುವಾಗ ನಡೆದದ್ದು. ಮುಂದೆ ಪೊಲೀಸರು ನಿಂತಿದ್ದಾರೆ ಅಂತ ಯಾರೋ ಹೇಳಿದರು. ರಸ್ತೆ ಬದಿ ಬೇವಿನ ಗಿಡದ ಕೆಳಗೆ ಗುಡ್ಡೆ ಹಾಕಿ ಮಾರುತ್ತಿದ್ದ ಹೆಲ್ಮೆಟ್ಟೊಂದನ್ನು ಮಾವನೇ ಅವಸರದಲ್ಲಿ ಎತ್ತಿ ತಮ್ಮನ ತಲೆಗೆ ಇಟ್ಟರು. ಅಲ್ಲಿಂದ ಮಾವ ಬಸ್ಸು ಹತ್ತಿ ಅಂಗಡಿಗೆ ವಾಪಸು, ತಮ್ಮನೊಬ್ಬನೇ ಗಾಡಿ ಮೇಲೆ ಮುಂದಕ್ಕೆ. ಗಾಡಿ ಉರುಳಿದಾಗ ಗದ್ದದ ಪಟ್ಟಿ ಹರಿದು ಹೆಲ್ಮೆಟ್ಟು ದೂರ ಹಾರಿ ಗದ್ದೆಯ ಕೆಸರಿನಲ್ಲಿ ಕೂತಿತ್ತು. ತಲೆ ಡಾಂಬರಿಗೆ ಬಡಿದಿತ್ತು. ಎಲ್ಲದರ ತಳ ನೋಡುವ ಮನುಷ್ಯ, ಅದೊಂದು ಪಟ್ಟಿಯನ್ನು ಜಗ್ಗಿ ನೋಡಿರಲಿಲ್ಲ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹೈದರಾಬಾದಿನಲ್ಲಿ ಅವರು ಹಲ್ಲು ಕಚ್ಚಿ ಪಟ್ಟಿ ಜಗ್ಗಿದ್ದು ಕಣ್ಣ ಮುಂದೆ ಬಂತು.

"ಹಣ್ಣು ಒಡಿಲಿಲ್ಲ ಖರೆ" ಅಂದರು ಮಾವ. "ಆದ್ರ ಒಳಗ ಕಲಸಿತ್ತಲ್ಲವ್ವ. ಮ್ಯಾಲೆ ಚಂದ ಇತ್ತು, ಒಳಗ ಕಲಸಿತ್ತು. ಅದನ್ನ ನೋಡಿದಾಗಿಂದ ನನ್ನ ಜೀವಕ್ಕ ಸಮಾಧಾನ ಇಲ್ಲ."

ಮಾಳಿಗೆಯ ಎತ್ತರ ಹೆಚ್ಚು, ಕಾರಿನಲ್ಲಿ ಬೆಲ್ಟ್ ಇರುತ್ತದೆ, ಹಣ್ಣು ಬೇರೆ ತಲೆ ಬೇರೆ ಅಂತ ಗಣಿತದ ಟೀಚರು ನಾನು ಬೇಕಾದಷ್ಟು ಹೇಳಬಹುದಿತ್ತು. ಅದು ಚೀಲದ ಬಾಯಿಯ ಕಾಳಾಗುತ್ತಿತ್ತು. "ಹೌದ್ರಿ" ಅಂದೆ. "ಯಾವ ಟೊಪ್ಪಿಗಿನೂ ಎಲ್ಲಾ ತಡಿಯಂಗಿಲ್ಲ. ನಿಧಾನ ಓಡಸ್ತೀನಿ ಅಂದ್ರೂ ಸುಳ್ಳಾಗತೈತಿ. ಜೋರು ಓಡಸಾಕ ಹೊಂಟೀನಿ. ಹುಷಾರಲೆ ಓಡಸ್ತೀನಿ, ಅಷ್ಟು ಹೇಳಬಲ್ಲೆ. ನನಗ ಅಂಜಿಕಿನೂ ಐತಿ."

ಮಾವ ತಲೆಯೆತ್ತಿ ನನ್ನನ್ನು ನೋಡಿದರು. "ಹಾಂ. ಈಗ ತಳ ತೋರಿಸಿದಿ ನೋಡು" ಅಂದರು.

ಮರುದಿನ ಕೆಟ್ಟ ಹೆಲ್ಮೆಟ್ಟನ್ನು ಬಗಲಲ್ಲಿಟ್ಟುಕೊಂಡು ವೆಲ್ಡಿಂಗ್ ಅಂಗಡಿಯ ಚಾಚಾನ ಹತ್ತಿರ ಹೋದರು. ಸರಿಯಾಗಿ ನಡುವೆ ಕೊಯ್ಯಬೇಕು ಅಂದರು. "ಅರೇ ಸಾವ್ಕಾರ್, ನವೀ ಚೀಜ್ ಕು ಕೈಕು ಕಾಟ್ತೇ ಜೀ? ಹೊಸಾದನ್ನ ಯಾರರ ಕೊಯ್ಸತಾರೇನ್ರಿ, ತಲಿ ಗಿಲಿ ಕೆಟ್ಟೈತೇನ್ರಿ?" ಅಂತ ಚಾಚಾ ಕೇಳಿದರಂತೆ. ಹೋಳು ಮಾಡಿಸಿ ಮನೆಗೆ ತಂದು, ಕಲ್ಲಂಗಡಿ ಕೊಯ್ದ ಅದೇ ಮಣೆಯ ಮೇಲಿಟ್ಟು, ಒಳಗಿನ ದಿಂಡು ಜಜ್ಜಿದ ಜಾಗವನ್ನು ಬೆರಳಿನಿಂದ ಸವರಿ ಸವರಿ ನೋಡಿದರು. ಪಟ್ಟಿಯನ್ನು ಬೇರೆ ಮತ್ತೊಮ್ಮೆ ಜಗ್ಗಿದರು. ಹರಿಯಲಿಲ್ಲ. "ಮಾಲು ಸಾಚಾ ಐತಿ. ಇದರ ಜೋಡಿದು ತರಸು" ಅಂದರು.

ಹೊಸದು ಬಂದ ದಿನ ಮಾವ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಕೈಗಳು ಎಷ್ಟು ತುರಿಸುತ್ತಿದ್ದವೋ ನನಗೆ ಗೊತ್ತು. ನಾನು ಪೆಟ್ಟಿಗೆ ಬಿಚ್ಚಿ, ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದೆ. ಕೆನ್ನೆ ಒತ್ತಿ ಮಂಗನ ಮುಖ. ಗಂಡ ಅಲ್ಲೇ ಇದ್ದ, ಅವನು ಹಿಡಿದು ನೋಡಬಹುದಿತ್ತು. ಮಾವ ಎರಡು ಹೆಜ್ಜೆ ಮುಂದೆ ಬಂದು, ಅತ್ತೆಯ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದರು. "ಹಿಡೀಲೇನವ್ವ?"

ನಾನು ಹೂಂ ಅಂದೆ. ಗೀರುಗೈ ಒಂದು ಕಡೆ, ನುಣುಪುಗೈ ಒಂದು ಕಡೆ, ನನ್ನ ತಲೆಯನ್ನು ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದರು. ಕೆನ್ನೆಯ ಚರ್ಮ ಜೊತೆಗೇ ತಿರುಗಿತು. ಹಿಂದಿನಿಂದ ಎತ್ತಿ ನೋಡಿದರು, ಕಳಚಲಿಲ್ಲ. ಆದರೂ ಅವರು ಕೈ ಬಿಡಲಿಲ್ಲ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಟ್ರ್ಯಾಕಿನಲ್ಲಿ ಆ ಪೆಡಲನ್ನು ಪೂರಾ ಒತ್ತಿದೆ. ಆ ಸುಖವನ್ನು ಇಲ್ಲಿ ಹೇಳುತ್ತ ಕೂತರೆ ಮಾವನ ಕತೆ ಹಿಂದೆ ಬೀಳುತ್ತದೆ. ಮುಗಿದ ಮೇಲೆ ಫೋನು ಮಾಡಿದೆ. "ಟೊಪ್ಪಿಗಿಗೆ ಗೀರು ಬಿತ್ತೇನು?" ಅಂತ ಕೇಳಿದರು. ಇಲ್ಲ ಅಂದೆ. "ಖರೇನು?" ಅಂದರು. ಗಂಡನಿಗೆ ಫೋನು ಕೊಡಿಸಿ ಅವನನ್ನೂ ಕೇಳಿ ಖಾತ್ರಿ ಮಾಡಿಕೊಂಡರು.

ಮಾವ ಹೋಗಿ ಈಗ ವರ್ಷ ತುಂಬಿಲ್ಲ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಆಸ್ಪತ್ರೆಯಲ್ಲೂ ಸಲಾಯಿನ್ ಬಾಟಲಿಯನ್ನು ಬೆರಳಿನಿಂದ ಬಾರಿಸಿ ನೋಡುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೂಜೆಗೆ ಕೂತಂತೆ ಕೂಡಿಸುತ್ತಾರೆ. ಕೊರಳು ವಾಲಬಾರದು ಅಂತ ಹಣೆಗೆ ಬಿಳಿ ಬಟ್ಟೆ ಸುತ್ತಿ ಹಿಂದೆ ಗೋಡೆಯ ಗೂಟಕ್ಕೆ ಕಟ್ಟಿದರು. ಕಟ್ಟಿದವರು ತಿಳಿದ ಹಿರಿಯರೇ, ಎಷ್ಟೋ ಮನೆಯಲ್ಲಿ ಕಟ್ಟಿದವರು. ಆದರೂ ನನಗೆ ನಂಬಿಕೆ ಬರಲಿಲ್ಲ. ಎದ್ದು ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ಆ ಗಂಟನ್ನು ಜಗ್ಗಿ ನೋಡಿದೆ. ಸಡಿಲಿತ್ತು. ಜಗ್ಗಿದ ಕೂಡಲೇ ಮಾವನ ತಲೆ ಮುಂದಕ್ಕೆ ಬಾಗಿತು.

ಯಾರೋ "ಏ, ಸೊಸಿ ಮುಟ್ಟಬಾರದು" ಅಂದರು. ಅತ್ತೆ ಕೂತಲ್ಲಿಂದಲೇ, "ಹಿಡೀಲಿ ಬಿಡ್ರಿ" ಅಂದರು.

ನಾನು ಅವರ ಮಗ್ಗುಲಿಗೆ ಕೂತು, ಬಗ್ಗಿ ಕಿವಿಯ ಹತ್ತಿರ, "ಹಿಡೀಲೇನ್ರಿ ಮಾವಾರ?" ಅಂತ ಕೇಳಿದೆ. ಎರಡೂ ಕೈಯಿಂದ ಆ ತಲೆಯನ್ನು ಎತ್ತಿ ನೆಟ್ಟಗೆ ಮಾಡಿದೆ. ಮಣ್ಣಿಗೆ ಒಯ್ಯುವವರು ಬರುವತನಕ ಹಾಗೇ ಹಿಡಿದುಕೊಂಡಿದ್ದೆ. ಮತ್ತೆ ಆ ಗಂಟಿಗೆ ಬಿಟ್ಟುಕೊಡಲಿಲ್ಲ.